ಹಾಡಿದವಳು, ಆಡಿದವಳು: ಜನಪದ ರಂಗದ ಕಲಾವಿದೆ ಮತ್ತು ಪ್ರೋತ್ಸಾಹದ ಪರಿಕಲ್ಪನೆ

ಪ್ರಾಸ್ತಾವಿಕ

ನಮ್ಮ ಸಾಂಸ್ಕೃತಿಕ ಸಂಸ್ಥೆಗಳು ನಿತ್ಯವೂ ಬಳಸುವ ಪದಗಳಲ್ಲಿ ‘ಪ್ರೋತ್ಸಾಹ’ ಎಂಬುದೂ ಒಂದು. ಅಕಾಡೆಮಿಗಳ ಧ್ಯೇಯೋದ್ದೇಶಗಳಲ್ಲಿ, ಇಲಾಖೆಗಳ ಸುತ್ತೋಲೆಗಳಲ್ಲಿ, ಉತ್ಸವಗಳ ಆಮಂತ್ರಣ ಪತ್ರಿಕೆಗಳಲ್ಲಿ ಈ ಪದ ಮತ್ತೆ ಮತ್ತೆ ಬರುತ್ತದೆ. ಮಹಿಳಾ ಕಲಾವಿದರ ಸಂದರ್ಭದಲ್ಲಂತೂ ಅದು ಕಡ್ಡಾಯವೆಂಬಂತೆ ಸೇರಿಕೊಳ್ಳುತ್ತದೆ. ಆದರೆ ಪ್ರೋತ್ಸಾಹವೆಂದರೆ ಏನು, ಅದು ಯಾರನ್ನು ತಲುಪುತ್ತದೆ, ಕಲಾವಿದೆಯ ಬದುಕಿನ ಯಾವ ಘಟ್ಟದಲ್ಲಿ ತಲುಪುತ್ತದೆ ಎಂಬ ಪ್ರಶ್ನೆಗಳನ್ನು ಜಾನಪದ ಅಧ್ಯಯನ ಗಂಭೀರವಾಗಿ ಕೇಳಿಕೊಂಡದ್ದು ಕಡಿಮೆ. ನಮ್ಮ ಶಿಸ್ತು ಪಠ್ಯವನ್ನು ಸಂಗ್ರಹಿಸಿತು, ಪ್ರಕಾರಗಳನ್ನು ವರ್ಗೀಕರಿಸಿತು, ಪ್ರದರ್ಶನದ ಅಂಗಾಂಗಗಳನ್ನು ವಿವರಿಸಿತು. ಪ್ರದರ್ಶನ ಮುಗಿದ ಮೇಲೆ ಬಣ್ಣ ಒರೆಸಿಕೊಂಡು ಮುಂಜಾನೆಯ ಮೊದಲ ಬಸ್ಸಿಗಾಗಿ ಕಾಯುವ ಹೆಣ್ಣು ನಮ್ಮ ಅಧ್ಯಯನದ ಚೌಕಟ್ಟಿನಿಂದ ಹೊರಗೇ ಉಳಿದಳು.

ಪ್ರಸ್ತುತ ಲೇಖನವು ಕರ್ನಾಟಕದ ಜನಪದ ಹಾಗೂ ವೃತ್ತಿ ರಂಗಕಲೆಗಳಲ್ಲಿ ಹೆಣ್ಣಿನ ಇರವನ್ನು ಮೂರು ನೆಲೆಗಳಲ್ಲಿ ಗುರುತಿಸಲು ಯತ್ನಿಸುತ್ತದೆ. ಮೊದಲನೆಯದು ಮನೆಯೊಳಗಿನ ಹಾಡು. ಎರಡನೆಯದು ತೆರೆಯ ಹಿಂದಿನ ಅಥವಾ ರಂಗದ ಬದಿಯ ದನಿ. ಮೂರನೆಯದು ರಂಗದ ನಡುವೆ ನಿಂತು ಆಡುವ, ಕುಣಿಯುವ, ವಾದಿಸುವ ದೇಹ. ವಿದ್ವತ್ತು, ಸಮಾಜ ಮತ್ತು ಸರ್ಕಾರ ಈ ಮೂರು ನೆಲೆಗಳನ್ನು ಒಂದೇ ಬಗೆಯಲ್ಲಿ ಕಂಡಿಲ್ಲ. ದನಿಯನ್ನು ಒಪ್ಪಿಕೊಂಡಷ್ಟು ಸುಲಭವಾಗಿ ದೇಹವನ್ನು ಒಪ್ಪಿಕೊಂಡಿಲ್ಲ. ಕಲೆಯನ್ನು ಗೌರವಿಸಿದಷ್ಟು ಸಹಜವಾಗಿ ಕಲಾವಿದೆಯ ದುಡಿಮೆಯನ್ನು ಗೌರವಿಸಿಲ್ಲ. ಪ್ರೋತ್ಸಾಹದ ಇಂದಿನ ಸ್ವರೂಪವೂ ಈ ಹಳೆಯ ಅಸಮತೆಯನ್ನು ಬಹುಮಟ್ಟಿಗೆ ಮುಂದುವರಿಸಿದೆ ಎಂಬುದು ಈ ಲೇಖನದ ವಾದ.

ಗರತಿಯ ಆಯ್ಕೆ

ಕನ್ನಡದಲ್ಲಿ ಜನಪದ ಗೀತೆಗಳ ಸಂಗ್ರಹಕಾರ್ಯದ ಚರಿತ್ರೆ ಹಲಸಂಗಿ ಗೆಳೆಯರ ಹೆಸರಿಲ್ಲದೆ ಪೂರ್ಣವಾಗದು. 1931ರಲ್ಲಿ ಪ್ರಕಟವಾದ ‘ಗರತಿಯ ಹಾಡು’ ಉತ್ತರ ಕರ್ನಾಟಕದ ಹೆಣ್ಣುಮಕ್ಕಳ ತ್ರಿಪದಿಗಳನ್ನು ಶಿಷ್ಟ ಸಾಹಿತ್ಯದ ಓದುಗರ ಮುಂದಿಟ್ಟ ಮಹತ್ವದ ಸಂಕಲನ. ಬೀಸುವ ಕಲ್ಲಿನ ಮುಂದೆ ಕುಳಿತವಳೂ ಕವಿಯೆಂದು ಅದು ಸ್ಥಾಪಿಸಿತು. ಆ ಕೆಲಸದ ಬೆಲೆಯನ್ನು ಯಾರೂ ಕಡಿಮೆ ಮಾಡಲಾರರು. ಆದರೂ ಶೀರ್ಷಿಕೆಯಲ್ಲಿರುವ ‘ಗರತಿ’ ಎಂಬ ಪದ ನಮ್ಮ ಗಮನವನ್ನು ಬೇಡುತ್ತದೆ. ಹಾಡಿದವಳು ತವರು, ಗಂಡ, ಮಕ್ಕಳು, ಅಣ್ಣತಮ್ಮಂದಿರ ನಡುವೆ ಬದುಕುವ ಮಾನವಂತ ಗೃಹಿಣಿ ಎಂಬುದನ್ನು ಆ ಪದ ಮೊದಲೇ ಸಾರಿಬಿಡುತ್ತದೆ. ಆಕೆಯ ಹಾಡಿಗೆ ಹಣವಿಲ್ಲ, ಪ್ರೇಕ್ಷಕರಿಲ್ಲ, ವೇದಿಕೆಯಿಲ್ಲ. ಅವಳು ಕಲಾವಿದೆ ಎಂದು ಕರೆಸಿಕೊಳ್ಳದೆಯೇ ಹಾಡಿದವಳು. ಅವಳನ್ನು ಒಪ್ಪಿಕೊಳ್ಳುವುದು ಹೊಸದಾಗಿ ಓದು ಕಲಿತ ಸಮಾಜಕ್ಕೆ ಕಷ್ಟವಾಗಲಿಲ್ಲ.

ಅದೇ ಕಾಲದಲ್ಲಿ, ಅದೇ ಸೀಮೆಯಲ್ಲಿ, ಹಣ ಪಡೆದು, ಡಪ್ಪು ತುಂತುಣಿಗಳ ಜೊತೆಗೆ, ಊರ ಜನರೆದುರು ನಿಂತು ಹಾಡುತ್ತಿದ್ದ ಹೆಂಗಸರೂ ಇದ್ದರು. ಗೀಗೀ ಮೇಳದ ಹರದೇಶಿ–ನಾಗೇಶಿ ಸಂಪ್ರದಾಯವನ್ನು ಇಲ್ಲಿ ನೆನೆಯಬೇಕು. ಹರದೇಶಿ ಪಂಥದವರು ಗಂಡು ಹೆಚ್ಚೆಂದು, ನಾಗೇಶಿ ಪಂಥದವರು ಹೆಣ್ಣು ಹೆಚ್ಚೆಂದು ಸವಾಲು–ಜವಾಬಿನ ರೂಪದಲ್ಲಿ ಇರುಳೆಲ್ಲ ವಾದ ಹೂಡುತ್ತಾರೆ. ನಾಗೇಶಿಯ ಪರವಾಗಿ ಹಾಡುವುದು ಸಾಮಾನ್ಯವಾಗಿ ಹೆಂಗಸರ ಮೇಳ. ಪುರಾಣ, ತತ್ತ್ವ, ಲೋಕಾನುಭವಗಳನ್ನು ಆಧಾರವಾಗಿಟ್ಟುಕೊಂಡು ಸಭೆಯ ನಡುವೆ ಗಂಡಸರಿಗೆ ಎದುರುತ್ತರ ಕೊಡುವ ಈ ಹೆಣ್ಣು ಬೀಸುಕಲ್ಲಿನ ಗರತಿಗಿಂತ ಬೇರೆಯೇ ಆದ ವ್ಯಕ್ತಿತ್ವ. ಕೇಳಿದ ಪ್ರಶ್ನೆಗೆ ಆ ಕ್ಷಣವೇ ಉತ್ತರ ಹುಡುಕಬೇಕಾದ ಈ ಪ್ರಕಾರದಲ್ಲಿ ಅವಳಿಗೆ ನೆನಪಿನ ಶಕ್ತಿಯೊಂದೇ ಸಾಲದು. ತರ್ಕ ಬೇಕು, ಸಮಯಸ್ಫೂರ್ತಿ ಬೇಕು, ಸಭೆಯ ನಾಡಿ ತಿಳಿಯುವ ಜಾಣ್ಮೆ ಬೇಕು.

ಹಲಸಂಗಿ ಗೆಳೆಯರೇ ಮುಂದೆ ಲಾವಣಿಗಳನ್ನೂ ಸಂಗ್ರಹಿಸಿ ಪ್ರಕಟಿಸಿದರೆಂಬುದನ್ನು ಮರೆಯಬಾರದು. ಆದರೆ ಲಾವಣಿಯ ರಚನೆಯಲ್ಲಿಯೇ ಒಂದು ವ್ಯತ್ಯಾಸವಿದೆ. ಪದದ ಕೊನೆಗೆ ಕವಿಯ ಅಂಕಿತ ಬರುತ್ತದೆ. ಊರು, ಗುರು, ಕವಿ ಮೂವರೂ ಅದರಲ್ಲಿ ಉಳಿಯುತ್ತಾರೆ. ಆ ಪದವನ್ನು ನೂರು ಊರುಗಳಲ್ಲಿ ಹಾಡಿ, ಸಭೆಯ ಎದುರು ಗೆಲ್ಲಿಸಿದವಳ ಹೆಸರಿಗೆ ಅಂಕಿತದಲ್ಲಿ ಸ್ಥಳವಿಲ್ಲ. ಸಂಪಾದಕನ ಕೈಗೆ ಪಠ್ಯ ಬರುವ ಹೊತ್ತಿಗೆ ಅವಳು ಮರೆಯಾಗಿರುತ್ತಾಳೆ. ಹೀಗೆ ಮನೆಯ ಹಾಡುಗಾರ್ತಿಯನ್ನು ಅನಾಮಿಕಳಾದರೂ ಕವಿಯೆಂದು ಎತ್ತಿ ಹಿಡಿದ ನಾವು, ಸಭೆಯ ಹಾಡುಗಾರ್ತಿಯನ್ನು ಹೆಸರಿದ್ದೂ ಅನಾಮಿಕಳನ್ನಾಗಿಸಿದೆವು.

ಮೊದಲ ನೆಲೆಯ ಕಲಾವಿದೆಗೆ ದೊರೆತ ಮನ್ನಣೆಯನ್ನು ಇಲ್ಲಿ ಅಲ್ಲಗಳೆಯುತ್ತಿಲ್ಲ. ಅಂಕೋಲೆಯ ಬಡಗೇರಿಯ ಸುಕ್ರಿ ಬೊಮ್ಮಗೌಡ ಹಾಲಕ್ಕಿ ಸಮುದಾಯದ ಹಾಡುಗಳನ್ನು ತಮ್ಮ ಕಂಠದಲ್ಲಿ ಕಾಪಾಡಿದವರು. ಸಾರಾಯಿಯ ವಿರುದ್ಧ ಊರ ಹೆಂಗಸರನ್ನು ಒಗ್ಗೂಡಿಸಿದವರು. 2017ರಲ್ಲಿ ಅವರಿಗೆ ಪದ್ಮಶ್ರೀ ಬಂದಾಗ ನಾಡು ಸಂತೋಷಪಟ್ಟಿತು. 2025ರಲ್ಲಿ ಅವರು ತೀರಿಕೊಂಡಾಗ ದುಃಖಪಟ್ಟಿತು. ಆ ಗೌರವ ಸಲ್ಲತಕ್ಕವರಿಗೇ ಸಂದಿತು. ಆದರೆ ಗೌರವದ ದಾರಿ ಯಾವ ನೆಲೆಯ ಕಲಾವಿದೆಗೆ ಸುಗಮವಾಗಿದೆ, ಯಾರಿಗೆ ದುರ್ಗಮವಾಗಿದೆ ಎಂಬ ವಿವೇಚನೆ ವಿಮರ್ಶೆಯ ಹೊಣೆ.

ತೆರೆಯ ಹಿಂದಿನ ದನಿ

ಎರಡನೆಯ ನೆಲೆಗೆ ತೊಗಲುಗೊಂಬೆಯಾಟ ಒಳ್ಳೆಯ ನಿದರ್ಶನ. ಶಿಳ್ಳೇಕ್ಯಾತ ಕುಟುಂಬಗಳಲ್ಲಿ ಗೊಂಬೆಯಾಟ ಮನೆತನದ ವೃತ್ತಿ. ತೆರೆಯ ಹಿಂದೆ ಗಂಡಸರ ಜೊತೆಯಲ್ಲಿಯೇ ಹೆಂಗಸರೂ ಕುಳಿತು ಹಾಡುತ್ತಾರೆ, ಸ್ತ್ರೀಪಾತ್ರಗಳಿಗೆ ಮಾತು ಕೊಡುತ್ತಾರೆ. ಪ್ರೇಕ್ಷಕ ಕಾಣುವುದು ಬಣ್ಣದ ನೆರಳನ್ನು. ಸೀತೆಯ ಅಳಲು ಕೇಳಿಸುತ್ತದೆ, ಅತ್ತವಳು ಕಾಣಿಸುವುದಿಲ್ಲ. ಕೊಪ್ಪಳ ಜಿಲ್ಲೆಯ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಘೋಷಣೆಯಾಯಿತು. ಆಗ ಅವರ ವಯಸ್ಸು ತೊಂಬತ್ತನ್ನು ದಾಟಿತ್ತು. ತೆರೆಯ ಹಿಂದಿನ ಹೆಣ್ಣು ತೆರೆಯ ಮುಂದೆ ಬಂದು ನಿಂತ ಆ ಗಳಿಗೆ ಚಾರಿತ್ರಿಕವಾದುದು. ಆದರೆ ತೊಂಬತ್ತು ದಾಟಿದ ಮೇಲೆ ಬರುವ ಮನ್ನಣೆಯು ಕಲಾವಿದೆಯ ಪಾಲಿಗೆ ಕೃತಜ್ಞತೆಯೇ ಹೊರತು ಪ್ರೋತ್ಸಾಹವಲ್ಲ. ಉತ್ಸಾಹವನ್ನು ಹೆಚ್ಚಿಸುವುದು ಪ್ರೋತ್ಸಾಹ. ಅದು ದುಡಿಯುವ ವಯಸ್ಸಿನಲ್ಲಿ ದೊರೆಯಬೇಕಾದುದು. ಕೃತಜ್ಞತೆ ಬೇಕು, ನಿಜ. ಒಂದನ್ನು ಕೊಟ್ಟು ಎರಡನ್ನೂ ಕೊಟ್ಟೆವೆಂದು ಲೆಕ್ಕ ಬರೆಯಬಾರದು.

ಕರಾವಳಿಯ ಯಕ್ಷಗಾನದಲ್ಲಿ ದನಿ ಮತ್ತು ದೇಹಗಳ ನಡುವಿನ ಈ ಅಂತರ ಇನ್ನೂ ಸ್ಪಷ್ಟವಾಗಿ ಕಾಣುತ್ತದೆ. ವೃತ್ತಿಮೇಳಗಳಲ್ಲಿ ಭಾಗವತಿಕೆ ನಡೆಸಿದ ಮೊದಲ ಮಹಿಳೆಯೆಂದು ಗುರುತಿಸಲಾಗುವ ಲೀಲಾವತಿ ಬೈಪಾಡಿತ್ತಾಯರು ಮಧೂರಿನಲ್ಲಿ ಹುಟ್ಟಿ, ಮದ್ದಳೆಗಾರರಾದ ಪತಿ ಹರಿನಾರಾಯಣ ಬೈಪಾಡಿತ್ತಾಯರ ಜೊತೆಯಲ್ಲಿ ಮೇಳದ ತಿರುಗಾಟ ಮಾಡಿದವರು. 2023ರಲ್ಲಿ ರಾಜ್ಯೋತ್ಸವ ಪ್ರಶಸ್ತಿ ಪಡೆದ ಅವರು 2024ರ ಡಿಸೆಂಬರಿನಲ್ಲಿ ನಿಧನರಾದರು. ಭಾಗವತರೆಂದರೆ ರಂಗದ ನಿರ್ದೇಶಕರು. ಪ್ರಸಂಗದ ನಡೆ, ವೇಷಗಳ ಪ್ರವೇಶ, ಕಾಲ, ಲಯ ಎಲ್ಲವೂ ಅವರ ಜಾಗಟೆಯ ಆಜ್ಞೆಗೆ ಒಳಪಟ್ಟಿವೆ. ಗಂಡಸರೇ ತುಂಬಿದ ಮೇಳದಲ್ಲಿ ಹೆಣ್ಣೊಬ್ಬಳು ಈ ಆಜ್ಞಾಸ್ಥಾನದಲ್ಲಿ ಕುಳಿತದ್ದು ಸಾಮಾನ್ಯ ಸಂಗತಿಯಲ್ಲ. ಅವರ ತರುವಾಯ ಹಲವು ಭಾಗವತೆಯರು ಮುಂದೆ ಬಂದು ಜನಪ್ರಿಯರಾದರು.

ಆದರೆ ವೇಷಧಾರಿಯ ಸ್ಥಿತಿ ಬೇರೆ. ಮಹಿಳೆಯರ ಹವ್ಯಾಸಿ ತಂಡಗಳು ಕರಾವಳಿಯ ಉದ್ದಕ್ಕೂ ಇವೆ; ಶಾಲೆ ಕಾಲೇಜುಗಳ ಹುಡುಗಿಯರು ಗೆಜ್ಜೆ ಕಟ್ಟಿ ಬಣ್ಣದ ವೇಷದವರೆಗೆ ಎಲ್ಲವನ್ನೂ ಕಲಿತಿದ್ದಾರೆ. ಆದರೂ ದೇವಸ್ಥಾನಗಳ ಹೆಸರಿನಲ್ಲಿ ಇರುಳಿಂದಿರುಳಿಗೆ ತಿರುಗಾಟ ಮಾಡುವ ಹರಕೆಯಾಟದ ಮೇಳಗಳ ಚೌಕಿ ಬಹುತೇಕ ಗಂಡಸರದಾಗಿಯೇ ಉಳಿದಿದೆ. ಚೌಕಿ ಬರಿಯ ಬಣ್ಣದ ಮನೆಯಲ್ಲ. ಗಣಪತಿಯ ಪೂಜೆ ನಡೆಯುವ, ಮಡಿಯ ಕಲ್ಪನೆ ಇರುವ, ಉಣ್ಣುವ, ಮಲಗುವ ಸ್ಥಳವೂ ಹೌದು. ರಂಗಸ್ಥಳದ ಬದಿಯಲ್ಲಿ ಕುಳಿತು ಹಾಡುವ ದನಿಗೆ ದೊರೆತ ಅವಕಾಶ ಚೌಕಿಯೊಳಗೆ ಕಾಲಿಡಬೇಕಾದ ದೇಹಕ್ಕೆ ದೊರೆಯದಿರುವುದಕ್ಕೆ ಕಲಾತ್ಮಕ ಕಾರಣಗಳಿಗಿಂತ ವ್ಯವಸ್ಥೆಯ ಕಾರಣಗಳೇ ಹೆಚ್ಚು.

ರಂಗದ ನಡುವಿನ ಹೆಣ್ಣು

ಮೂರನೆಯ ನೆಲೆಗೆ ಬಂದಾಗ ವಿವೇಚನೆ ಕಠಿಣವಾಗುತ್ತದೆ. ಉತ್ತರ ಕರ್ನಾಟಕದ ಶ್ರೀಕೃಷ್ಣ ಪಾರಿಜಾತ ಮತ್ತು ಸಣ್ಣಾಟಗಳಲ್ಲಿ, ವೃತ್ತಿನಾಟಕ ಕಂಪನಿಗಳಲ್ಲಿ, ಇಂದಿಗೂ ಜಾತ್ರೆ ಉತ್ಸವಗಳಲ್ಲಿ ಹಳ್ಳಿಯ ಜನ ಆಡುವ ನಾಟಕಗಳಲ್ಲಿ ಹೆಣ್ಣು ಮೈದೋರಿ ಆಡಿದಳು. ಹೀಗೆ ಬಂದವರಲ್ಲಿ ಅನೇಕರು ದೇವದಾಸಿ, ಬಸವಿ, ಜೋಗತಿ ಎಂದು ಕರೆಯಲಾಗುವ ಹಿನ್ನೆಲೆಯವರು. ಕುಟುಂಬದ ಕಟ್ಟಿನಲ್ಲಿದ್ದ ಹೆಣ್ಣಿಗೆ ರಂಗ ನಿಷಿದ್ಧವಾಗಿದ್ದ ಕಾಲದಲ್ಲಿ, ಆ ಕಟ್ಟಿನ ಹೊರಗೆ ನಿಲ್ಲಿಸಲ್ಪಟ್ಟಿದ್ದ ಹೆಣ್ಣೇ ಕನ್ನಡ ರಂಗಭೂಮಿಯ ಸ್ತ್ರೀಪಾತ್ರವನ್ನು ಕಟ್ಟಿದಳು. ಸಮಾಜ ಅವಳ ಹಾಡನ್ನು ಆಸ್ವಾದಿಸಿತು, ಅವಳ ಬದುಕನ್ನು ಮಾತ್ರ ಹಳಿಯಿತು.

ಪಾರಿಜಾತವನ್ನೇ ನೋಡೋಣ. ಕುಲಗೋಡ ತಮ್ಮಣ್ಣನ ಹೆಸರಿನೊಂದಿಗೆ ಬೆಳಗಿದ ಈ ಆಟದ ಜೀವಾಳ ಸತ್ಯಭಾಮೆ. ನಾರದ ತಂದ ಹೂವು ರುಕ್ಮಿಣಿಗೆ ಸಂದಿತೆಂಬ ಒಂದೇ ಕಾರಣದಿಂದ ಹುಟ್ಟುವ ಅವಳ ಮುನಿಸು ಇಡೀ ಆಟವನ್ನು ಹೊತ್ತು ನಡೆಸುತ್ತದೆ. ಹಾಡು, ಮಾತು, ಅಭಿನಯಗಳನ್ನು ಒಟ್ಟಿಗೆ ಬೇಡುವ ಪಾತ್ರವದು. ಗೋಕಾಕ ಸೀಮೆಯ ಜನ ಪಾರಿಜಾತವೆಂದೊಡನೆ ಇಂದಿಗೂ ಕೌಜಲಗಿ ನಿಂಗಮ್ಮನ ಹೆಸರು ಹೇಳುತ್ತಾರೆ. ಆಟದ ಹೆಸರಿಗೆ ಆಡಿದವಳ ಹೆಸರು ಅಂಟಿಕೊಂಡ ಅಪರೂಪದ ಸಂದರ್ಭವಿದು. ಲಾವಣಿಯ ಅಂಕಿತದಲ್ಲಿ ಸಿಗದ ಸ್ಥಳ ಇಲ್ಲಿ ಜನರ ನೆನಪಿನಲ್ಲಿ ಸಿಕ್ಕಿದೆ. ವಿದ್ವತ್ತು ಕೊಡದ ಅಂಕಿತವನ್ನು ಪ್ರೇಕ್ಷಕ ಕೊಟ್ಟ.

ಈ ಹಿನ್ನೆಲೆಯ ಕಲಾವಿದೆಯರ ಬಗ್ಗೆ ಮಾತನಾಡುವಾಗ ಎರಡು ಎಚ್ಚರಗಳು ಅವಶ್ಯ. ದೇವದಾಸಿ ಪದ್ಧತಿಯನ್ನು ಕಲೆಯ ಪೋಷಕ ವ್ಯವಸ್ಥೆಯೆಂದು ವೈಭವೀಕರಿಸುವುದು ಅಕ್ಷಮ್ಯ. ಬಡತನ ಮತ್ತು ಜಾತಿಯ ದಬ್ಬಾಳಿಕೆಯ ನಡುವೆ ಎಳೆಯ ಹೆಣ್ಣುಮಕ್ಕಳನ್ನು ಮುತ್ತು ಕಟ್ಟಿ ಬಿಟ್ಟ ಪದ್ಧತಿಯದು. ಮುಂಬಯಿ ಪ್ರಾಂತದಲ್ಲಿ 1934ರಲ್ಲಿ, ಕರ್ನಾಟಕದಲ್ಲಿ 1982ರಲ್ಲಿ ರೂಪುಗೊಂಡ ಕಾಯಿದೆಗಳು ಮಾಡಲೇಬೇಕಾದ ಕೆಲಸವನ್ನು ಮಾಡಿದವು. ಆದರೆ ಪದ್ಧತಿಯನ್ನು ನಿಷೇಧಿಸುವುದೂ ಆ ಪದ್ಧತಿಯಲ್ಲಿ ಸಿಲುಕಿದವಳ ಕಲೆಯನ್ನು ಕಳಂಕವೆಂದು ಕಾಣುವುದೂ ಒಂದೇ ಅಲ್ಲ. ಪುನರ್ವಸತಿಯ ಭಾಷೆಯಲ್ಲಿ ಅವಳು ಸಾಮಾನ್ಯವಾಗಿ ಸಂತ್ರಸ್ತೆ. ಹೊಲಿಗೆ ಯಂತ್ರಕ್ಕೋ ಎಮ್ಮೆಯ ಸಾಲಕ್ಕೋ ಅರ್ಹಳು. ಅವಳ ಕಂಠದಲ್ಲಿರುವ ಹಾಡು, ಕೈಯಲ್ಲಿರುವ ಚೌಡಿಕೆ, ಮೈಯಲ್ಲಿರುವ ಅಭಿನಯ ಇವುಗಳನ್ನೂ ಆಸ್ತಿಯೆಂದು ಎಣಿಸುವ ಸಾಂಸ್ಕೃತಿಕ ಪುನರ್ವಸತಿಯ ಕಲ್ಪನೆ ನಮ್ಮಲ್ಲಿ ಬೆಳೆಯಬೇಕಾದಷ್ಟು ಬೆಳೆಯಲಿಲ್ಲ. ಕಾನೂನು ಒಂದು ಇಲಾಖೆಯ ಹೊಣೆ, ಕಲೆ ಇನ್ನೊಂದರ ಹೊಣೆ. ಇವೆರಡರ ನಡುವಿನ ದಾರಿಯಲ್ಲಿ ಕಲಾವಿದೆ ನಿಂತಿದ್ದಾಳೆ.

ಇದಕ್ಕೆ ವ್ಯತಿರಿಕ್ತವಾದ ಒಂದು ಉದಾಹರಣೆ ನಮ್ಮ ಮುಂದಿದೆ. ಮೈಸೂರು ಅರಮನೆಯ ನರ್ತಕಿಯಾಗಿದ್ದ ಕೆ. ವೆಂಕಟಲಕ್ಷಮ್ಮನವರು ಲಂಬಾಣಿ ಕುಟುಂಬದಲ್ಲಿ ಹುಟ್ಟಿ, ಜಟ್ಟಿ ತಾಯಮ್ಮನವರಲ್ಲಿ ಕಲಿತವರು. ಅರಮನೆಯ ಆಶ್ರಯ ಮುಗಿದ ಮೇಲೆ ಅವರು ಮೈಸೂರು ವಿಶ್ವವಿದ್ಯಾಲಯದ ನೃತ್ಯ ವಿಭಾಗದಲ್ಲಿ ರೀಡರ್ ಆದರು. 1992ರಲ್ಲಿ ಪದ್ಮಭೂಷಣ ಪಡೆದರು. ಸಂಸ್ಥೆಯೊಂದು ಅವರಿಗೆ ಶಾಲು ಹೊದಿಸಿ ಕಳುಹಿಸಲಿಲ್ಲ. ಕುರ್ಚಿ ಕೊಟ್ಟು ಕೂರಿಸಿತು, ಶಿಷ್ಯರನ್ನು ಕೊಟ್ಟಿತು. ಮೈಸೂರು ಶೈಲಿಯ ಅಭಿನಯ ಉಳಿದದ್ದು ಈ ಕ್ರಮದಿಂದ. ಪಾರಿಜಾತ, ಸಣ್ಣಾಟಗಳ ಕಲಾವಿದೆಯರಿಗೆ ಇಂಥ ಅಧ್ಯಾಪನದ ಪೀಠ ದೊರೆತ ಉದಾಹರಣೆಗಳು ಸುಲಭವಾಗಿ ನೆನಪಿಗೆ ಬರುವುದಿಲ್ಲ. ಶಾಸ್ತ್ರೀಯವೆಂದು ಕರೆಸಿಕೊಂಡ ಕಲೆಯಲ್ಲಿ ಸಾಧ್ಯವಾದುದು ಜನಪದವೆಂದು ಕರೆಸಿಕೊಂಡ ಕಲೆಯಲ್ಲಿ ಏಕೆ ಆಗಲಿಲ್ಲವೆಂಬ ಪ್ರಶ್ನೆ ನಮ್ಮ ವಿಭಾಗಗಳಿಗೇ ಸೇರಿದ್ದು.

ಮೇಳದ ಯಜಮಾನಿಕೆ

ಕಲಾವಿದೆಯ ಸ್ಥಾನವನ್ನು ನಿರ್ಣಯಿಸುವ ಅಂಶಗಳಲ್ಲಿ ಪ್ರತಿಭೆಗಿಂತಲೂ ಹೆಚ್ಚಿನ ಪರಿಣಾಮ ಬೀರುವುದು ಯಜಮಾನಿಕೆ. ಮೇಳ ಯಾರದು, ವೀಳ್ಯ ಹಿಡಿಯುವವರು ಯಾರು, ಗಳಿಕೆಯನ್ನು ಹಂಚುವವರು ಯಾರು ಎಂಬುದರ ಮೇಲೆ ರಂಗದ ಹೆಣ್ಣಿನ ಘನತೆ ನಿಂತಿದೆ. ಈ ದೃಷ್ಟಿಯಿಂದ ಆರ್. ನಾಗರತ್ನಮ್ಮನವರ ಸಾಧನೆ ವಿಶೇಷ ಅಧ್ಯಯನಕ್ಕೆ ಅರ್ಹ. 1958ರಲ್ಲಿ ಮೈಸೂರಿನಲ್ಲಿ ಅವರು ಕಟ್ಟಿದ ಸ್ತ್ರೀ ನಾಟಕ ಮಂಡಳಿಯಲ್ಲಿ ಎಲ್ಲ ಪಾತ್ರಗಳನ್ನೂ ಹೆಂಗಸರೇ ವಹಿಸಿದರು. ಕಂಸ, ರಾವಣ, ದುರ್ಯೋಧನನಂಥ ಪಾತ್ರಗಳನ್ನು ಸ್ವತಃ ನಾಗರತ್ನಮ್ಮನವರೇ ನಿರ್ವಹಿಸಿ ಹೆಸರಾದರು. 1992ರ ಕೇಂದ್ರ ಸಂಗೀತ ನಾಟಕ ಅಕಾಡೆಮಿಯ ಪ್ರಶಸ್ತಿ, 2012ರ ಪದ್ಮಶ್ರೀ ಅವರಿಗೆ ಸಂದವು. ಅದೇ ವರ್ಷ ಅವರು ತೀರಿಕೊಂಡರು.

ಹೆಣ್ಣು ಗಂಡುಪಾತ್ರ ಮಾಡಿದಳೆಂಬ ಬೆರಗಿನಲ್ಲಿಯೇ ನಾಗರತ್ನಮ್ಮನವರ ಬಗೆಗಿನ ಬರವಣಿಗೆ ಹೆಚ್ಚಾಗಿ ನಿಂತುಬಿಡುತ್ತದೆ. ಅದಕ್ಕಿಂತ ಮುಖ್ಯವಾದುದು ಅವರು ಕಂಪನಿಯ ಒಡತಿಯಾಗಿದ್ದರೆಂಬುದು. ಪಾತ್ರ ಹಂಚಿಕೆ, ತಾಲೀಮು, ಪ್ರಯಾಣ, ವಸತಿ, ಸಂಬಳ ಇವೆಲ್ಲ ಹೆಣ್ಣಿನ ಕೈಯಲ್ಲಿದ್ದ ಕಾರಣ ಅಲ್ಲಿನ ನಟಿಗೆ ಪಾತ್ರಕ್ಕಾಗಿ ಯಾರ ದಾಕ್ಷಿಣ್ಯಕ್ಕೂ ಒಳಗಾಗಬೇಕಾದ ಅಗತ್ಯ ಕಡಿಮೆಯಾಯಿತೆಂದು ಊಹಿಸುವುದು ತಪ್ಪಾಗಲಾರದು. ಗಂಡುಪಾತ್ರವೂ ಆ ಯಜಮಾನಿಕೆಯಿಂದಲೇ ಸಾಧ್ಯವಾಯಿತು. ಸ್ತ್ರೀಪಾತ್ರಕ್ಕೆಂದೇ ಕರೆಸಿಕೊಳ್ಳುವ ನಟಿಗೆ ರಾವಣನಾಗುವ ಸ್ವಾತಂತ್ರ್ಯವನ್ನು ಯಾವ ಮೇಳವೂ ಕೊಡುವುದಿಲ್ಲ.

ದರೋಜಿ ಈರಮ್ಮನವರನ್ನೂ ಇದೇ ಬೆಳಕಿನಲ್ಲಿ ನೋಡಬಹುದು. ಬುಡ್ಗಜಂಗಮ ಸಮುದಾಯದ ಈ ಬುರ್ರಕಥಾ ಗಾಯಕಿ ಅಕ್ಷರ ಕಲಿಯದೆಯೇ ಹಲವು ಮಹಾಕಾವ್ಯಗಳನ್ನು ನೆನಪಿನಲ್ಲಿಟ್ಟುಕೊಂಡಿದ್ದರು. 2014ರಲ್ಲಿ ನಿಧನರಾದ ಅವರಿಗೆ ಹಂಪಿಯ ಕನ್ನಡ ವಿಶ್ವವಿದ್ಯಾಲಯ ನಾಡೋಜ ಗೌರವ ನೀಡಿತ್ತು. ಕಥೆ ನಡೆಸುವ ಮುಖ್ಯ ಗಾಯಕಿ ತಾನೇ, ಸೊಲ್ಲು ಹಿಡಿಯುವ ಜೊತೆಗಾತಿಯರು ತನ್ನ ಬಳಗದವರೇ ಆಗಿದ್ದ ಈ ಪ್ರಕಾರದಲ್ಲಿ ನಿರೂಪಣೆಯ ಅಧಿಕಾರ ಹೆಣ್ಣಿನದು. ಎಲ್ಲಿ ಹಿಗ್ಗಿಸಬೇಕು, ಎಲ್ಲಿ ಕುಗ್ಗಿಸಬೇಕು, ಯಾವ ಸನ್ನಿವೇಶದಲ್ಲಿ ನಿಂತು ಕೇಳುಗರನ್ನು ಅಳಿಸಬೇಕು ಎಂಬುದನ್ನು ನಿರ್ಧರಿಸುವವಳು ಅವಳು. ಹೆಣ್ಣಿನ ಯಜಮಾನಿಕೆಯ ಪರಂಪರೆ ನಮ್ಮಲ್ಲಿ ಇರಲೇ ಇಲ್ಲವೆಂಬ ಮಾತನ್ನು ಈರಮ್ಮನವರ ಒಂದು ರಾತ್ರಿಯ ಕಥೆ ಸುಳ್ಳಾಗಿಸುತ್ತದೆ.

2019ರಲ್ಲಿ ಜೋಗತಿ ಮಂಜಮ್ಮನವರು ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದುದು ಈ ಚರಿತ್ರೆಯ ಇನ್ನೊಂದು ತಿರುವು. ಜೋಗತಿ ನೃತ್ಯವನ್ನು ಕಾಳವ್ವ ಜೋಗತಿಯವರಿಂದ ಕಲಿತ, ಲಿಂಗ ಪರಿವರ್ತಿತ ಕಲಾವಿದೆಯೊಬ್ಬರು ಅರ್ಜಿ ಸಲ್ಲಿಸುವ ಸರದಿಯಿಂದ ಅರ್ಜಿ ಪರಿಶೀಲಿಸುವ ಪೀಠಕ್ಕೆ ಬಂದರು. 2021ರಲ್ಲಿ ಪದ್ಮಶ್ರೀ ಪಡೆದರು. ‘ಮಹಿಳಾ ಕಲಾವಿದೆ’ ಎಂಬ ಪದದ ವ್ಯಾಪ್ತಿಯನ್ನೇ ಅವರ ಇರವು ಹಿಗ್ಗಿಸಿತು. ಪ್ರಶಸ್ತಿಗಿಂತಲೂ ಅಧ್ಯಕ್ಷಪೀಠಕ್ಕೆ ಹೆಚ್ಚಿನ ಅರ್ಥವಿದೆ ಎಂದು ನಾನು ಭಾವಿಸುತ್ತೇನೆ. ಪ್ರಶಸ್ತಿ ಕಲಾವಿದೆಯನ್ನು ಗೌರವಿಸುತ್ತದೆ, ಪೀಠ ಅವಳ ವಿವೇಚನೆಯನ್ನು ನಂಬುತ್ತದೆ.

ಎರಡು ಆಕ್ಷೇಪಗಳು

ಮಹಿಳೆಯರ ಪ್ರವೇಶವನ್ನು ಕುರಿತು ಕಲಾವಲಯದಲ್ಲಿ ಕೇಳಿಬರುವ ಎರಡು ಆಕ್ಷೇಪಗಳನ್ನು ಇಲ್ಲಿ ಪರಿಶೀಲಿಸುವುದು ಉಚಿತ. ಹೆಂಗಸರು ಬಂದರೆ ಸ್ತ್ರೀವೇಷದ ಪರಂಪರೆ ಅಳಿಯುತ್ತದೆ ಎಂಬುದು ಒಂದು. ಕೋಳ್ಯೂರು ರಾಮಚಂದ್ರ ರಾಯರಂಥ ಕಲಾವಿದರು ಸ್ತ್ರೀವೇಷಕ್ಕೆ ತಂದ ಸೂಕ್ಷ್ಮತೆಯನ್ನು ಬಲ್ಲವರಿಗೆ ಈ ಆತಂಕ ಅರ್ಥವಾಗುತ್ತದೆ. ಗಂಡು ಹೆಣ್ಣಾಗುವುದು ಅನುಕರಣೆಯಲ್ಲ, ಅದೊಂದು ಶೈಲೀಕೃತ ಸೃಷ್ಟಿ. ಆದರೆ ಇದೇ ತರ್ಕವನ್ನು ಮುಂದುವರಿಸಿದರೆ ಹೆಣ್ಣು ಗಂಡಾಗುವುದೂ ಶೈಲೀಕೃತ ಸೃಷ್ಟಿಯೇ. ನಾಗರತ್ನಮ್ಮನವರ ಕಂಸನನ್ನು ಒಪ್ಪಿದವರು ಸ್ತ್ರೀವೇಷದ ರಕ್ಷಣೆಗಾಗಿ ಹೆಣ್ಣಿಗೆ ಬಾಗಿಲು ಮುಚ್ಚಬೇಕೆನ್ನಲಾರರು. ಪರಂಪರೆ ಉಳಿಯುವುದು ಉತ್ತಮ ಕಲಾವಿದರಿಂದ. ಸ್ಪರ್ಧಿಗಳನ್ನು ಹೊರಗಿಡುವುದರಿಂದ ಅಲ್ಲ.

ಎರಡನೆಯ ಆಕ್ಷೇಪ ಇದಕ್ಕಿಂತ ಗಂಭೀರವಾದುದು. ಕಳೆದ ಕೆಲವು ದಶಕಗಳಲ್ಲಿ ಡೊಳ್ಳು, ವೀರಗಾಸೆ, ತಮಟೆಯಂಥ ಗಂಡುಕಲೆಗಳಲ್ಲಿ ಮಹಿಳಾ ತಂಡಗಳು ಹುಟ್ಟಿಕೊಂಡಿವೆ. ಬೀರೇಶ್ವರನ ಆರಾಧನೆಯ ಡೊಳ್ಳು ಹುಡುಗಿಯರ ಹೆಗಲೇರಿದೆ. ಇದು ಪ್ರದರ್ಶನಕ್ಕಾಗಿ ಸೃಷ್ಟಿಯಾದದ್ದು, ಆಚರಣೆಯ ಬೇರಿಲ್ಲದ್ದು ಎಂದು ಹಿರಿಯ ವಿದ್ವಾಂಸರಲ್ಲಿ ಕೆಲವರು ಹೇಳುತ್ತಾರೆ. ಆಚರಣೆಯಿಂದ ಬಿಡಿಸಿಕೊಂಡು ವೇದಿಕೆಗೆ ಬಂದುದು ಗಂಡಸರ ಡೊಳ್ಳೂ ಹೌದಾದ್ದರಿಂದ ಈ ಟೀಕೆ ಹೆಂಗಸರಿಗೆ ಮಾತ್ರ ಅನ್ವಯಿಸುವುದು ನ್ಯಾಯವಲ್ಲ. ಭಾರವಾದ ವಾದ್ಯ ಹೊತ್ತು ಕುಣಿದ ಹುಡುಗಿಗೆ ತನ್ನ ಮೈಮೇಲೆ ಬರುವ ಭರವಸೆಯೂ ಸಣ್ಣದಲ್ಲ. ಆದರೂ ಒಂದು ಮಾತನ್ನು ಹೇಳಲೇಬೇಕು. ಹೊಸ ಮಹಿಳಾ ತಂಡಗಳನ್ನು ಮೆರವಣಿಗೆಯಲ್ಲಿ ಮುಂದೆ ನಿಲ್ಲಿಸಿ ಮಹಿಳಾ ಪ್ರೋತ್ಸಾಹದ ಕರ್ತವ್ಯ ಮುಗಿಯಿತೆಂದು ಭಾವಿಸಿದಾಗ, ತಲೆಮಾರುಗಳಿಂದ ರಂಗದಲ್ಲಿಯೇ ದುಡಿದ ಪಾರಿಜಾತ ಸಣ್ಣಾಟಗಳ ಹೆಣ್ಣು ಮತ್ತೆ ಹಿಂದೆ ಉಳಿಯುತ್ತಾಳೆ. ಕಳಂಕವಿಲ್ಲದ ಹೊಸ ಕಲಾವಿದೆಯನ್ನು ಸೃಷ್ಟಿಸಿ, ಕಳಂಕ ಹೊತ್ತ ಹಳೆಯ ಕಲಾವಿದೆಯನ್ನು ಮರೆಯುವುದು ‘ಗರತಿ’ಯ ಆಯ್ಕೆಯ ಇನ್ನೊಂದು ರೂಪವಷ್ಟೆ.

ಪ್ರೋತ್ಸಾಹದ ಸ್ವರೂಪ

ಹಾಗಾದರೆ ಪ್ರೋತ್ಸಾಹ ಹೇಗಿರಬೇಕು? ಉತ್ತರಕ್ಕಾಗಿ ಹಳ್ಳಿಯ ನಾಟಕದ ನಟಿಯ ದುಡಿಮೆಯನ್ನು ಹತ್ತಿರದಿಂದ ನೋಡಬೇಕು. ಊರ ಗಂಡಸರು ಹಾರ್ಮೋನಿಯಂ ಮಾಸ್ತರರನ್ನು ಗೊತ್ತುಮಾಡಿಕೊಂಡು ವಾರಗಟ್ಟಲೆ ತಾಲೀಮು ಮಾಡುತ್ತಾರೆ. ಸ್ತ್ರೀಪಾತ್ರಕ್ಕೆ ಪಟ್ಟಣದಿಂದ ಬರುವ ನಟಿ ಆಟದ ಹಿಂದಿನ ದಿನವೋ ಆ ದಿನವೇ ಬರುತ್ತಾಳೆ. ಹತ್ತಾರು ನಾಟಕಗಳ ಮಾತು, ಹಾಡು, ಚಲನೆ ಅವಳ ನೆನಪಿನಲ್ಲಿ ಇರಲೇಬೇಕು. ತಪ್ಪಿದ ಎದುರುಪಾತ್ರವನ್ನು ರಂಗದ ಮೇಲೆಯೇ ಎತ್ತಿ ನಿಲ್ಲಿಸಬೇಕು. ಮರುದಿನ ಬೇರೆ ಊರು, ಬೇರೆ ನಾಟಕ, ಬೇರೆ ಗಂಡ. ಹವ್ಯಾಸಿಗಳ ನಡುವೆ ಅವಳೊಬ್ಬಳೇ ವೃತ್ತಿಪರಳು. ಆದರೂ ಅವಳನ್ನು ‘ಪಾತ್ರಕ್ಕೆ ಬಂದವಳು’ ಎಂದು ಕರೆಯುವ ದನಿಯಲ್ಲಿ ಆದರಕ್ಕಿಂತ ಅನುಮಾನವೇ ಹೆಚ್ಚು.

ಈ ಕಲಾವಿದೆ ಐವತ್ತೆಂಟು ದಾಟಿ ಮಾಸಾಶನಕ್ಕೆ ಅರ್ಜಿ ಹಾಕಿದಾಗ ಕಾಣುವ ತೊಡಕು ನಮ್ಮ ವ್ಯವಸ್ಥೆಯ ಸ್ವಭಾವವನ್ನು ತೋರಿಸುತ್ತದೆ. ದೀರ್ಘಕಾಲದ ಕಲಾಸೇವೆಗೆ ದಾಖಲೆ ಬೇಕು. ಅವಳು ಯಾವ ಒಂದು ಮೇಳಕ್ಕೂ ಸೇರಿದವಳಲ್ಲವಾದ್ದರಿಂದ ಪ್ರಮಾಣಪತ್ರ ಕೊಡುವ ಯಜಮಾನನಿಲ್ಲ. ಅವಳ ಸೇವೆಗೆ ಸಾಕ್ಷಿ ಜಾತ್ರೆಯ ಕರಪತ್ರಗಳು. ಅವು ಮಳೆಗೆ ಕರಗಿಹೋಗಿರುತ್ತವೆ. ಉಳಿದ ಒಂದೆರಡರಲ್ಲಿಯೂ ರಂಗದ ಹೆಸರು ಒಂದು, ಪಡಿತರ ಚೀಟಿಯ ಹೆಸರು ಇನ್ನೊಂದು ಆಗಿರುವುದುಂಟು. ಮೇಳದ ಸದಸ್ಯನನ್ನು ಕಲಾವಿದನೆಂದು ಭಾವಿಸಿ ರೂಪಿಸಿದ ನಿಯಮದಲ್ಲಿ ಒಂಟಿಯಾಗಿ ದುಡಿದವಳಿಗೆ ಕಲಂ ಇಲ್ಲ. ಇಲ್ಲಿ ಯಾರ ದುರುದ್ದೇಶವೂ ಇರಬೇಕಾಗಿಲ್ಲ. ನಿಯಮದ ಕಣ್ಣಿಗೆ ಅವಳು ಕಾಣದಿರುವುದೇ ಸಾಕು. ಊರ ಹಿರಿಯರ, ಸಹಕಲಾವಿದರ, ಮಾಸ್ತರರ ಮೌಖಿಕ ಸಾಕ್ಷ್ಯವನ್ನು ಮಾನ್ಯ ಮಾಡುವ ಕ್ರಮವನ್ನು ಅಕಾಡೆಮಿಗಳು ರೂಪಿಸಬಹುದು. ಮೌಖಿಕ ಪರಂಪರೆಯನ್ನೇ ಆಧಾರವಾಗಿಟ್ಟುಕೊಂಡು ಬೆಳೆದ ಶಿಸ್ತು ಮೌಖಿಕ ಸಾಕ್ಷ್ಯವನ್ನು ನಂಬಲಾರೆವೆನ್ನುವುದು ವಿಪರ್ಯಾಸ.

ಘನತೆಯ ಪ್ರಶ್ನೆಯೂ ಇಷ್ಟೇ ಮುಖ್ಯ. ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳವನ್ನು ತಡೆಯುವ 2013ರ ಕಾಯಿದೆ ಅಸಂಘಟಿತ ವಲಯಕ್ಕೂ ಅನ್ವಯಿಸುತ್ತದೆ. ಅಲ್ಲಿಯ ದೂರುಗಳಿಗಾಗಿ ಜಿಲ್ಲಾ ಮಟ್ಟದ ಸ್ಥಳೀಯ ಸಮಿತಿಗಳನ್ನು ಅದು ಕಲ್ಪಿಸಿದೆ. ಬಯಲಿನ ರಂಗವೂ ಬಣ್ಣದ ಕೋಣೆಯೂ ನಟಿಯ ಕೆಲಸದ ಸ್ಥಳಗಳೇ. ಅಕಾಡೆಮಿಯ ಧನಸಹಾಯ ಪಡೆಯುವ ಪ್ರತಿಯೊಂದು ಪ್ರದರ್ಶನದಲ್ಲಿಯೂ ಕಲಾವಿದೆಯರಿಗೆ ಬಾಗಿಲಿರುವ ಬಣ್ಣದ ಕೋಣೆ, ಶೌಚಾಲಯ, ಆಟ ಮುಗಿದ ಮೇಲೆ ತಂಗಲು ಸ್ಥಳ ಇರಬೇಕೆಂಬ ಷರತ್ತು ಹಾಕಿದರೆ ಅದಕ್ಕೆ ಹೆಚ್ಚಿನ ವೆಚ್ಚವಿಲ್ಲ. 2023ರ ಜೂನ್‌ನಲ್ಲಿ ಆರಂಭವಾದ ಶಕ್ತಿ ಯೋಜನೆಯ ಉಚಿತ ಬಸ್ ಪ್ರಯಾಣ ಯಾವ ಕಲಾ ಯೋಜನೆಯೂ ಅಲ್ಲ; ಆದರೂ ಊರೂರು ತಿರುಗುವ ಬಡ ನಟಿಗೆ ಅದು ನೆರವಾಗುವಂಥದು. ಕಲಾವಿದೆಗೆ ಬೇಕಾದ ನೆರವು ಎಷ್ಟು ಸರಳವಾಗಿರಬಲ್ಲದೆಂಬುದಕ್ಕೆ ಇದು ಸೂಚನೆ. ಪ್ರಯಾಣದ ಖರ್ಚು ಉಳಿದಿದೆ. ನಡುರಾತ್ರಿಯಿಂದ ಮೊದಲ ಬಸ್ಸಿನವರೆಗಿನ ಹೊತ್ತು ಮಾತ್ರ ಇನ್ನೂ ಅವಳದೇ ಹೊಣೆಯಾಗಿದೆ.

ಮೂರನೆಯದು ಕಲಿಕೆಯ ಪ್ರಶ್ನೆ. ಹಿರಿಯ ಕಲಾವಿದೆಯರನ್ನು ದಾಖಲಾತಿಗೆ ಕರೆಯುತ್ತೇವೆ. ಕ್ಯಾಮೆರಾದ ಎದುರು ಕೂರಿಸಿ ಹಾಡಿಸಿಕೊಳ್ಳುತ್ತೇವೆ. ದಾಖಲಾತಿ ಪಠ್ಯವನ್ನು ಉಳಿಸುತ್ತದೆ, ಆಟವನ್ನು ಉಳಿಸುವುದಿಲ್ಲ. ಸತ್ಯಭಾಮೆಯ ಮುನಿಸು ಕಣ್ಣಂಚಿನಿಂದ ಆರಂಭವಾಗಿ ಎರಡನೆಯ ಸೊಲ್ಲಿನಲ್ಲಿ ಕೊರಳಿಗೆ ಇಳಿಯುವ ಬಗೆಯನ್ನು ಎದುರು ಕುಳಿತ ಶಿಷ್ಯೆ ಮಾತ್ರ ಕಲಿಯಬಲ್ಲಳು. ವಿಶ್ವವಿದ್ಯಾಲಯಗಳ ಜಾನಪದ ವಿಭಾಗಗಳು ಸಣ್ಣಾಟ, ಪಾರಿಜಾತ, ಗೀಗೀ ಪದಗಳ ಕಲಾವಿದೆಯರನ್ನು ಮಾಹಿತಿದಾರರೆಂದು ಕರೆಯುವುದನ್ನು ಬಿಟ್ಟು ಅಧ್ಯಾಪಕರೆಂದು ಕರೆಯಬೇಕು. ನಿಯತ ಸಂಭಾವನೆ ಕೊಡಬೇಕು. ವೆಂಕಟಲಕ್ಷಮ್ಮನವರ ವಿಷಯದಲ್ಲಿ ಅರ್ಧ ಶತಮಾನದ ಹಿಂದೆಯೇ ಸಾಧ್ಯವಾದುದು ಇಂದು ಅಸಾಧ್ಯವಾಗಬಾರದು.

ಸಮಾರೋಪ

ಕನ್ನಡ ಜಾನಪದ ಅಧ್ಯಯನ ಹೆಣ್ಣಿನ ಹಾಡಿನಿಂದಲೇ ತನ್ನ ಮೊದಲ ಹೆಜ್ಜೆಗಳನ್ನು ಇಟ್ಟಿತು. ಆ ಹೆಜ್ಜೆಗಳನ್ನು ಮುಂದುವರಿಸುವುದೆಂದರೆ ಬೀಸುಕಲ್ಲಿನಿಂದ ಬಯಲಿನವರೆಗೆ ಅವಳನ್ನು ಹಿಂಬಾಲಿಸುವುದು. ಅಲ್ಲಿ ಅವಳು ಹಣಕ್ಕಾಗಿ ಆಡುತ್ತಾಳೆ, ಗಂಡಸರೊಂದಿಗೆ ವಾದಿಸುತ್ತಾಳೆ, ಮೇಳ ಕಟ್ಟುತ್ತಾಳೆ, ಕೆಲವೊಮ್ಮೆ ಸೋಲುತ್ತಾಳೆ. ಆ ಹೆಣ್ಣು ‘ಗರತಿ’ಯ ಚಿತ್ರಕ್ಕೆ ಹೊಂದುವುದಿಲ್ಲವೆಂಬ ಕಾರಣಕ್ಕೆ ನಮ್ಮ ಗ್ರಂಥಗಳಲ್ಲಿ ಅವಳ ಪಾಲು ಕಿರಿದಾಗಬಾರದು. ಸನ್ಮಾನದ ಶಾಲು ಅವಳ ಹೆಗಲಿಗೆ ಬರಲಿ, ತಪ್ಪಿಲ್ಲ. ಆದರೆ ಅದಕ್ಕೂ ಮೊದಲು ಅವಳ ರಾತ್ರಿಯ ದುಡಿಮೆಗೆ ತಕ್ಕ ಸಂಭಾವನೆ, ಬಣ್ಣ ಹಚ್ಚಿಕೊಳ್ಳಲು ಬಾಗಿಲಿರುವ ಕೋಣೆ, ತನ್ನ ವಿದ್ಯೆಯನ್ನು ಒಪ್ಪಿಸಲು ಇಬ್ಬರು ಶಿಷ್ಯೆಯರು ಅವಳಿಗೆ ದೊರೆಯಬೇಕು. ಇಷ್ಟಾದರೆ, ಲಾವಣಿಯ ಕೊನೆಯಲ್ಲಿ ಕವಿಯ ಹೆಸರಿನ ಪಕ್ಕದಲ್ಲಿ ಹಾಡಿದವಳ ಹೆಸರನ್ನೂ ಬರೆದಂತಾಗುತ್ತದೆ.